ಅಕ್ಕಿಹಿಟ್ಟಿನ ಶಿಲ್ಪ: ಕುಂದಾಪುರ ಸೀಮೆಯ ಒಂದಿರುಳಿನ ಕಲೆಗಳು

ಕಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಉಳಿದು ಬಂದ ವಸ್ತುಗಳಿಂದ ಆರಂಭಿಸುತ್ತಾರೆ. ಕಲ್ಲಿನ ಗುಡಿ, ಕಂಚಿನ ವಿಗ್ರಹ, ಮರದ ಕೆತ್ತನೆ, ತಾಳೆಯ ಗರಿ ಇವು ನೂರಾರು ವರ್ಷ ನಿಲ್ಲುತ್ತವೆ. ಆದ್ದರಿಂದ ಅವುಗಳ ಕಾಲವನ್ನು ನಿರ್ಧರಿಸಬಹುದು, ಶೈಲಿಯನ್ನು ಹೆಸರಿಸಬಹುದು, ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಆದರೆ ಒಂದೇ ರಾತ್ರಿಗೆಂದು ಹುಟ್ಟಿ, ಬೆಳಗಾಗುವ ಮುನ್ನ ಅಳಿದುಹೋಗುವ ಕಲೆಗಳೂ ಇವೆ. ಅವುಗಳ ಸಾಮಗ್ರಿ ಅಡುಗೆಮನೆಯಿಂದ ಬಂದದ್ದು: ಅಕ್ಕಿ, ಅರಿಶಿನ, ಸುಣ್ಣ, ತೆಂಗು, ಅಡಿಕೆಯ ಹೂ, ಭತ್ತದ ಹೊಟ್ಟು. ಉಡುಪಿ ಜಿಲ್ಲೆಯ ಉತ್ತರ ಭಾಗವಾದ ಕುಂದಾಪುರ, ಬೈಂದೂರು, ಬ್ರಹ್ಮಾವರದ ನೆಲ ಇಂಥ ಕಲೆಗಳಿಗೆ ತವರು. 2018ರಲ್ಲಿ ಇವು ಮೂರು ಪ್ರತ್ಯೇಕ ತಾಲೂಕುಗಳಾದರೂ ಮಾತು, ಊಟ, ಆಟ, ಆರಾಧನೆಗಳಲ್ಲಿ ಒಂದೇ ಸೀಮೆ. ಇಲ್ಲಿಯ ಜನ ದಿನವೂ ಉಣ್ಣುವ ಅಕ್ಕಿ ಹೇಗೆ ರಾಕ್ಷಸನ ಮುಖದ ಮೇಲೆ ಮುಳ್ಳಾಗಿ ನಿಲ್ಲುತ್ತದೆ, ಹೇಗೆ ನೆಲದ ಮೇಲೆ ಹೆಡೆ ಬಿಚ್ಚಿದ ನಾಗನಾಗುತ್ತದೆ, ಆ ವಿದ್ಯೆಗಳಿಗೆ ಇಂದು ಏನಾಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಕ್ಕಿಯ ನಾಡು

ಈ ಕಲೆಗಳ ಹಿನ್ನೆಲೆಯನ್ನು ತಿಳಿಯಬೇಕಾದರೆ ಮೊದಲು ಇಲ್ಲಿಯ ಅಕ್ಕಿಯ ಚರಿತ್ರೆಯತ್ತ ಒಂದು ನೋಟ ಹರಿಸಬೇಕು. ಬ್ರಹ್ಮಾವರದ ಸಮೀಪದ ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಅದು ಬಾರಕೂರು ರಾಜ್ಯವೆಂಬ ಪ್ರಾಂತದ ಕೇಂದ್ರವಾಯಿತು. 14ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಯನ್ನು ಹಾದುಹೋದ ಪ್ರವಾಸಿ ಇಬ್ನ್ ಬತೂತ ಬಾರಕೂರನ್ನು ಫಾಕನೂರ್ ಎಂದು ಕರೆದು, ಅಲ್ಲಿಯ ಕಬ್ಬಿನ ಹಿರಿಮೆಯನ್ನು ಎತ್ತಿ ಹೇಳಿದ್ದಾನೆ. ಕುಂದಾಪುರದ ಬಳಿಯ ಬಸರೂರು ಅದಕ್ಕಿಂತಲೂ ದೊಡ್ಡ ಹೆಸರಿನ ರೇವು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಬರೆದುಕೊಂಡ ಈ ಊರಿನಿಂದ ಅವರಿಗೆ ಬೇಕಾಗಿದ್ದ ಮುಖ್ಯ ಸರಕೆಂದರೆ ಅಕ್ಕಿ. ಬಸರೂರಿನ ವರ್ತಕರಿಂದ ಅವರು ಅಕ್ಕಿಯನ್ನೇ ಕಪ್ಪವಾಗಿ ಪಡೆಯುತ್ತಿದ್ದರು. 1569ರಲ್ಲಿ ಇಲ್ಲಿಯ ಕೋಟೆಯನ್ನು ವಶಪಡಿಸಿಕೊಳ್ಳಲು ಅವರು ಬಂದದ್ದು, 1665ರಲ್ಲಿ ಶಿವಾಜಿಯ ಹಡಗುಗಳು ಇದೇ ಬಸರೂರಿನ ಮೇಲೆ ಎರಗಿದ್ದು, ಈ ಊರಿನ ಸಂಪತ್ತಿಗೆ ಸಾಕ್ಷಿ. ಆ ಸಂಪತ್ತಿನ ಬುಡದಲ್ಲಿದ್ದದ್ದು ಹೊಳೆಯ ಇಕ್ಕೆಲದ ಗದ್ದೆಗಳು.

ಇಂಥ ನೆಲದಲ್ಲಿ ಅಕ್ಕಿ ಕೇವಲ ಆಹಾರವಾಗಿ ಉಳಿಯಲಿಲ್ಲ. ಅದು ನಾಣ್ಯವಾಯಿತು, ಅಳತೆಯಾಯಿತು, ಗೇಣಿಯಾಯಿತು. ಒಕ್ಕಲು ಒಡೆಯನಿಗೆ ಸಲ್ಲಿಸಬೇಕಾದ ಗೇಣಿಯನ್ನು ಹೇಳುತ್ತಿದ್ದದ್ದು ಮುಡಿಗಳ ಲೆಕ್ಕದಲ್ಲಿ. ಮುಡಿ ಎಂದರೆ ಬೈಹುಲ್ಲಿನ ನಡುವೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದ ದುಂಡನೆಯ ಗಂಟು. ಒಂದು ಮುಡಿಗೆ 42 ಸೇರು ಎಂಬ ಲೆಕ್ಕ ಹೆಚ್ಚಾಗಿ ಬಳಕೆಯಲ್ಲಿತ್ತು. ಊರಿಂದ ಊರಿಗೆ ಸೇರಿನ ಅಳತೆ ತುಸು ಬದಲಾಗುತ್ತಿತ್ತು. ಮುಡಿ ಕಟ್ಟುವುದು ಎಲ್ಲರಿಗೂ ಒಲಿಯುವ ಕೆಲಸವಲ್ಲ. ಒಂದು ಕಾಳೂ ಸೋರದಂತೆ, ಉರುಳಿಸಿದರೂ ಆಕಾರ ಕೆಡದಂತೆ, ಮಳೆಗಾಲದ ಶೀತಕ್ಕೂ ಹುಳುವಿಗೂ ಎಡೆಗೊಡದಂತೆ ಕಟ್ಟಬೇಕು. ಉಗ್ರಾಣದಲ್ಲಿ ಸಾಲಾಗಿ ಕೂರಿಸಿದ ಮುಡಿಗಳನ್ನು ಕಂಡವರಿಗೆ, ದಿನದ ಊಟದ ವಸ್ತುವಿಗೆ ಆಕಾರ ಕೊಡುವ ಕೈ ಈ ಸೀಮೆಯಲ್ಲಿ ಎಷ್ಟು ಪಳಗಿತ್ತು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಅದು ಆಗಲೇಬೇಕಾಗಿದ್ದ ನ್ಯಾಯ. ಗೇಣಿಯೊಡನೆ ಮುಡಿಯ ಲೆಕ್ಕವೂ ಹೋಯಿತು, ಗೋಣಿಚೀಲ ಬಂತು, ಮುಡಿ ಕಟ್ಟುವವರು ವಿರಳರಾದರು. ಒಂದು ವಿದ್ಯೆ ಯಾವ ವ್ಯವಸ್ಥೆಯ ಆಸರೆಯಲ್ಲಿ ಬೆಳೆದಿತ್ತೋ ಆ ವ್ಯವಸ್ಥೆ ಒಳ್ಳೆಯ ಕಾರಣಕ್ಕಾಗಿಯೇ ಮುಗಿದಾಗ ವಿದ್ಯೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ಎಲೆಯೇ ಅಚ್ಚು

ಹಳೆಯ ಮೈಸೂರಿನ ಕಡೆ ಸಂಕ್ರಾಂತಿಗೆ ಮರದ ಅಚ್ಚುಗಳಲ್ಲಿ ಸಕ್ಕರೆಪಾಕ ಹೊಯ್ದು ಆನೆ, ಗಿಳಿ, ಮಂಟಪಗಳನ್ನು ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿಗಳು ಬರುತ್ತವೆ. ಕರಾವಳಿಯ ಅಡುಗೆಮನೆಯಲ್ಲಿ ಆ ಮರದ ಅಚ್ಚಿನ ಸ್ಥಾನವನ್ನು ಪಡೆದಿರುವುದು ಎಲೆ. ಹಲಸಿನ ನಾಲ್ಕು ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಅದರೊಳಗೆ ಅಕ್ಕಿ–ಉದ್ದಿನ ಹಿಟ್ಟು ಹೊಯ್ದು ಬೇಯಿಸಿದರೆ ಕೊಟ್ಟೆ ಕಡುಬು. ಕೇದಗೆಯ ಜಾತಿಗೆ ಸೇರಿದ ಮುಂಡಕದ ಎಲೆಯ ಅಂಚಿನ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಕೊಳವೆಯಂತೆ ಸುತ್ತಿದರೆ ಮೂಡೆ. ನಾಗರ ಪಂಚಮಿಯ ದಿನ ಅರಿಶಿನದ ಎಲೆಯ ಮೇಲೆ ಹಿಟ್ಟು ಹಚ್ಚಿ, ಬೆಲ್ಲ–ಕಾಯಿಯ ಹೂರಣವಿಟ್ಟು ಮಡಚಿ ಬೇಯಿಸುತ್ತಾರೆ. ಬೆಂದ ಮೇಲೆ ಎಲೆ ಬಿಡಿಸಿದರೆ ಅದರ ನರಗಳೆಲ್ಲ ಕಡುಬಿನ ಮೈಮೇಲೆ ಅಚ್ಚೊತ್ತಿರುತ್ತವೆ.

ಇದನ್ನು ಕಲೆ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಮಾಡುವ ಹೆಂಗಸರು ಹಾಗೆ ಹೇಳಿಕೊಳ್ಳುವುದಿಲ್ಲ. ಆದರೆ ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಕ್ಕಿಹಿಟ್ಟು ಎಷ್ಟು ನೀರಿಗೆ ಹರಿಯುತ್ತದೆ, ಎಷ್ಟಕ್ಕೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಎಂಬ ತಿಳುವಳಿಕೆ. ಕುಚ್ಚಲಕ್ಕಿ ಊಟಕ್ಕಾದರೆ ಬೆಳ್ತಿಗೆ ಅಕ್ಕಿ ಕಡುಬು, ದೋಸೆ, ದೇವರ ಕಾರ್ಯಗಳಿಗೆ ಎಂಬ ವಿಭಾಗವನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಇದೇ ತಿಳುವಳಿಕೆ ಅಡುಗೆಮನೆಯ ಹೊಸ್ತಿಲು ದಾಟಿ ಯಕ್ಷಗಾನದ ಚೌಕಿಗೂ, ನಾಗಬನದ ಎದುರಿನ ಚಪ್ಪರಕ್ಕೂ ನಡೆದುಬಂದಿದೆ.

ಮುಖದ ಮೇಲೆ ಅಕ್ಕಿಯ ಮುಳ್ಳು

ಯಕ್ಷಗಾನದಲ್ಲಿ ರಾವಣ, ಕುಂಭಕರ್ಣ, ಮಹಿಷಾಸುರ, ಶೂರ್ಪನಖಿ ಮೊದಲಾದ ರಾಕ್ಷಸ ಪಾತ್ರಗಳಿಗೆ ಬಣ್ಣದ ವೇಷ ಎಂದು ಹೆಸರು. ಬಣ್ಣ ಎಲ್ಲ ವೇಷಗಳಿಗೂ ಉಂಟು. ಆದರೂ ಇದಕ್ಕೆ ಮಾತ್ರ ಆ ಹೆಸರು ಸಂದಿರುವುದಕ್ಕೆ ಕಾರಣ ಮುಖವರ್ಣಿಕೆಯ ವಿಸ್ತಾರ. ಈ ವರ್ಣಿಕೆಯ ಮುಖ್ಯ ಅಂಗವೇ ಚಿಟ್ಟಿ. ಚುಟ್ಟಿ ಎಂದೂ ಹೇಳುವುದುಂಟು. ಬೆಳ್ತಿಗೆ ಅಕ್ಕಿಯನ್ನು ನೆನೆಸಿ, ಬೆಣ್ಣೆಯ ಹಾಗೆ ನುಣ್ಣಗೆ ಅರೆದು, ಅದಕ್ಕೆ ಸುಣ್ಣ ಬೆರೆಸಿ ಹದಮಾಡುತ್ತಾರೆ. ಮುಖಕ್ಕೆ ಮೂಲಬಣ್ಣ ಹಚ್ಚಿ, ಗೆರೆಗಳನ್ನು ಬರೆದುಕೊಂಡ ಬಳಿಕ, ಸಣ್ಣ ಕಡ್ಡಿಯ ತುದಿಯಲ್ಲಿ ಈ ಹಿಟ್ಟನ್ನು ತೆಗೆದು ಒಂದೊಂದೇ ಚುಕ್ಕೆಯಾಗಿ ಇಡುತ್ತಾ ಹೋಗಬೇಕು. ಮೊದಲ ಸಾಲು ಒಣಗಬೇಕು. ಅದರ ಮೇಲೆ ಮತ್ತೊಂದು ಚುಕ್ಕೆ, ಮತ್ತೂ ಒಂದು. ಹೀಗೆ ಚುಕ್ಕೆ ಬೆಳೆದು ಮುಳ್ಳಾಗುತ್ತದೆ. ಹುಬ್ಬಿನ ಮೇಲೆ, ಕೆನ್ನೆಯ ಸುತ್ತ, ಗಲ್ಲದ ಅಂಚಿನಲ್ಲಿ ಬಿಳಿಯ ಮುಳ್ಳುಗಳ ಸಾಲು ಎದ್ದಾಗ ಮನುಷ್ಯನ ಮುಖ ಮರೆಯಾಗಿ ಬೇರೊಂದು ಮುಖ ಮೂಡುತ್ತದೆ. ಅಕ್ಕಿಯ ಅಂಟು ಹಿಡಿದಿಡುತ್ತದೆ, ಸುಣ್ಣ ಒಣಗಿ ಗಟ್ಟಿಯಾಗುತ್ತದೆ. ಎರಡರ ಪ್ರಮಾಣ ತಪ್ಪಿದರೆ ಒಂದೋ ಚಿಟ್ಟಿ ಕುಣಿತದ ನಡುವೆ ಉದುರುತ್ತದೆ, ಇಲ್ಲವೇ ಚರ್ಮ ಉರಿಯುತ್ತದೆ.

ಹಳೆಯ ಕ್ರಮದಲ್ಲಿ ಇತರ ಬಣ್ಣಗಳೂ ಸುತ್ತಮುತ್ತಲ ಅಂಗಡಿ–ಅಂಗಳಗಳಿಂದಲೇ ಬರುತ್ತಿದ್ದವು. ಹಳದಿಗೆ ಅರದಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಕಾಡಿಗೆ, ಎಲ್ಲವನ್ನೂ ಕಲಸಲು ತೆಂಗಿನೆಣ್ಣೆ. ಪೂರ್ಣ ಪ್ರಮಾಣದ ಬಣ್ಣದ ವೇಷ ಸಿದ್ಧವಾಗಲು ಮೂರು ನಾಲ್ಕು ತಾಸು ಹಿಡಿಯುತ್ತಿತ್ತು. ಕೇರಳದ ಕಥಕಳಿಯಲ್ಲಿಯೂ ಚುಟ್ಟಿ ಉಂಟು. ಅಲ್ಲಿಯೂ ಮೂಲದ್ರವ್ಯ ಅಕ್ಕಿಹಿಟ್ಟು ಮತ್ತು ಸುಣ್ಣವೇ. ಆದರೆ ಅಲ್ಲಿ ನಟ ಮಲಗಿಕೊಳ್ಳುತ್ತಾನೆ, ಚುಟ್ಟಿಯ ಕೆಲಸದಲ್ಲಿ ನುರಿತ ಬೇರೊಬ್ಬ ಅದನ್ನು ಕಟ್ಟುತ್ತಾನೆ. ಯಕ್ಷಗಾನದಲ್ಲಿ ವೇಷಧಾರಿ ತಾನೇ ಕನ್ನಡಿ ಹಿಡಿದು ಕುಳಿತು ತನ್ನ ಮುಖವನ್ನು ತಾನೇ ಕಡೆಯುತ್ತಾನೆ. ಶಿಲ್ಪಿಯೂ ಅವನೇ, ಶಿಲೆಯೂ ಅವನೇ. ತೆಂಕುತಿಟ್ಟಿನಲ್ಲಿ ಈ ವರ್ಣಿಕೆಗೆ ವಿಸ್ತಾರ ಹೆಚ್ಚು. ಅಲ್ಲಿಯ ಹಿರಿಯ ಕಲಾವಿದರೊಬ್ಬರು ಬಣ್ಣದ ಮಹಾಲಿಂಗ ಎಂದೇ ಪ್ರಸಿದ್ಧರಾದುದು ಈ ವಿದ್ಯೆಗೆ ಜನ ಕೊಟ್ಟ ಗೌರವವನ್ನು ತೋರಿಸುತ್ತದೆ. ಕುಂದಾಪುರ ಸೀಮೆಯ ಬಡಗುತಿಟ್ಟಿನಲ್ಲಿಯೂ ಬಣ್ಣದ ವೇಷಕ್ಕೆ ಪ್ರತ್ಯೇಕ ಸ್ಥಾನವಿತ್ತು, ಮೇಳದಲ್ಲಿ ಅದಕ್ಕೆಂದೇ ವೇಷಧಾರಿಗಳಿದ್ದರು.

ಮುಳ್ಳಿನಂತೆ ಎದ್ದು ನಿಲ್ಲುವ ಈ ವರ್ಣಿಕೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಬಯಲಾಟದ ಬೆಳಕಿನಲ್ಲಿದೆ. ದೊಂದಿ, ದೀವಟಿಗೆಗಳ ಅಲುಗಾಡುವ ಬೆಳಕಿನಲ್ಲಿ ಬರೇ ಬಣ್ಣದ ಗೆರೆ ದೂರಕ್ಕೆ ಕಾಣಿಸುವುದಿಲ್ಲ. ಎದ್ದು ನಿಂತ ಬಿಳಿ ಮುಳ್ಳು ಬೆಳಕನ್ನು ಹಿಡಿಯುತ್ತದೆ, ತನ್ನ ಪಕ್ಕದಲ್ಲಿಯೇ ನೆರಳನ್ನೂ ಬೀಳಿಸುತ್ತದೆ. ನಡುರಾತ್ರಿಯ ಬಳಿಕ ತೆರೆಯ ಹಿಂದಿನಿಂದ ಆರ್ಭಟ ಕೇಳಿಸಿ, ತೆರೆ ತುಸು ತುಸುವೇ ತಗ್ಗಿ ಆ ಮುಖ ಕಾಣಿಸಿದಾಗ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕುಳಿತವನಿಗೂ ಎದೆ ನಡುಗುತ್ತಿದ್ದದ್ದು ಈ ನೆರಳು–ಬೆಳಕಿನ ಆಟದಿಂದ. ಆಟ ಮುಗಿದ ಮೇಲೆ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಎಲ್ಲವನ್ನೂ ಒರೆಸಿ ತೆಗೆಯುವುದು. ನಾಳೆ ಬೇರೆ ಊರು, ಮತ್ತೆ ಹೊಸದಾಗಿ ಅರೆದ ಅಕ್ಕಿ.

ಈ ಕಲೆಯನ್ನು ವಿದ್ವತ್ತಿನ ಕಣ್ಣಿನಿಂದ ನೋಡಿದವರಲ್ಲಿ ಇದೇ ಸೀಮೆಯ ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಕೆ. ಶಿವರಾಮ ಕಾರಂತರು ಮೊದಲಿಗರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗಿ, ಹಳೆಯ ಕ್ರಮದ ಕುಣಿತ, ಹಿಮ್ಮೇಳ, ವೇಷಗಾರಿಕೆಗಳನ್ನು ಹುಡುಗರಿಗೆ ಕಲಿಸುವ ವ್ಯವಸ್ಥೆಯಾಯಿತು. ಅಮೆರಿಕದ ಮಾರ್ತಾ ಆಷ್ಟನ್ ಅವರು ಈ ಪ್ರದೇಶದಲ್ಲಿ ನೆಲೆಸಿ ಬಡಗುತಿಟ್ಟನ್ನು ಅಭ್ಯಸಿಸಿ, ಬ್ರೂಸ್ ಕ್ರಿಸ್ಟಿ ಅವರೊಡನೆ 1977ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದಿಂದ ಯಕ್ಷಗಾನ ಹೊರನಾಡಿನವರಿಗೂ ಪರಿಚಯವಾಯಿತು.

ನೆಲದ ಮೇಲೆ ಐದು ಬಣ್ಣ

ಇನ್ನೊಂದು ಕಲೆ ನಾಗಮಂಡಲ. ಪುಡಿಯಿಂದ ನೆಲದ ಮೇಲೆ ಚಿತ್ರ ಬರೆಯುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರದ ಬಗೆಗಳನ್ನು ಹೇಳುವಾಗ ಧೂಳಿಚಿತ್ರವೂ ಬಂದಿದೆ. ನಮ್ಮ ಮನೆಯಂಗಳದ ರಂಗೋಲಿ ಇದೇ ಕುಲದ್ದು. ಕರಾವಳಿಯಲ್ಲಿ ಈ ಧೂಳಿಚಿತ್ರ ನಾಗಾರಾಧನೆಯೊಡನೆ ಸೇರಿಕೊಂಡು ದೊಡ್ಡ ಆಕಾರ ಪಡೆಯಿತು.

ಈ ಸೀಮೆಯಲ್ಲಿ ನಾಗನಿಗಿರುವ ಸ್ಥಾನವನ್ನು ಊರುಗಳ ಹೆಸರುಗಳೇ ಹೇಳುತ್ತವೆ. ಬ್ರಹ್ಮಾವರ ತಾಲೂಕಿನ ಮಂದಾರ್ತಿ, ನೀಲಾವರಗಳ ಸ್ಥಳಪುರಾಣ ಮಂದರತಿ, ನೀಲರತಿ ಎಂಬ ನಾಗಕನ್ನಿಕೆಯರನ್ನು ನೆನೆಯುತ್ತದೆ. ಅದೇ ಮಂದಾರ್ತಿಯ ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಐದು ಯಕ್ಷಗಾನ ಮೇಳಗಳು ಹೊರಡುತ್ತವೆ. ಹರಕೆಯ ಆಟಕ್ಕೆ ಜನ ಹಲವಾರು ವರ್ಷ ಮುಂಚಿತವಾಗಿ ಹೆಸರು ಬರೆಸಿ ಕಾಯುತ್ತಾರೆ. ನಾಗನ ಸೇವೆ ಮತ್ತು ಯಕ್ಷಗಾನ ಒಂದೇ ಅಂಗಳದಲ್ಲಿ ಬೆಳೆದವು ಎಂಬುದಕ್ಕೆ ಇದೊಂದು ನಿದರ್ಶನ.

ನಾಗಮಂಡಲದ ಚಿತ್ರಕ್ಕೆ ಬಣ್ಣ ಐದು. ಬಿಳಿಗೆ ಅಕ್ಕಿಹಿಟ್ಟು ಅಥವಾ ಬಿಳಿಮಣ್ಣು. ಹಳದಿಗೆ ಅರಿಶಿನದ ಪುಡಿ. ಕೆಂಪಿಗೆ ಬೇರೆ ದ್ರವ್ಯವೇ ಬೇಡ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಸಾಕು. ಅರಿಶಿನದಲ್ಲಿರುವ ಬಣ್ಣದ ಅಂಶಕ್ಕೆ ಕ್ಷಾರ ತಗಲಿದಾಗ ಅದು ಕೆಂಪಾಗುತ್ತದೆ. ನಮ್ಮ ಅಜ್ಜಿಯರು ಆರತಿಯ ತಟ್ಟೆಯಲ್ಲಿ ಕದಡುವ ಓಕುಳಿಯ ಗುಟ್ಟೂ ಇದೇ. ಹಸಿರಿಗೆ ಒಣಗಿಸಿ ಪುಡಿಮಾಡಿದ ಸೊಪ್ಪು. ಕಪ್ಪಿಗೆ ಹುರಿದು ಕರಿದಾದ ಭತ್ತದ ಹೊಟ್ಟಿನ ಪುಡಿ. ಅಂದರೆ ಒಂದೇ ಭತ್ತದ ಒಳಗಿನ ಕಾಳು ಬಿಳಿ ಬಣ್ಣವಾದರೆ ಹೊರಗಿನ ಸಿಪ್ಪೆ ಕಪ್ಪು ಬಣ್ಣವಾಗುತ್ತದೆ. ಕೇರಳದ ಕಳಮೆಳುತ್ತಿನಲ್ಲಿಯೂ ಬಹುಮಟ್ಟಿಗೆ ಇವೇ ಐದು ಪುಡಿಗಳು ಬಳಕೆಯಲ್ಲಿವೆ. ಅಕ್ಕಿ, ಅರಿಶಿನ ಬೆಳೆಯುವ ಪಶ್ಚಿಮ ಕರಾವಳಿ ತನ್ನ ಬಣ್ಣದ ಪೆಟ್ಟಿಗೆಯನ್ನು ತನ್ನ ಹೊಲದಲ್ಲಿಯೇ ಕಂಡುಕೊಂಡಿತು ಎನ್ನಬಹುದು.

ಮಂಡಲವನ್ನು ಬರೆದು, ಅದರ ಸುತ್ತ ಹಾಡಿ ಕುಣಿಯುವವರು ವೈದ್ಯರು ಎಂದು ಕರೆಯಲ್ಪಡುವ ಕುಟುಂಬಗಳವರು. ಪುಡಿಯನ್ನು ಬೆರಳುಗಳ ನಡುವಿನಿಂದ ಬಿಡುತ್ತಾ ಗೆರೆ ಎಳೆಯುವಾಗ ಹೆಚ್ಚಾದರೆ ಗೆರೆ ದಪ್ಪವಾಗುತ್ತದೆ, ಕಡಿಮೆಯಾದರೆ ಕಡಿಯುತ್ತದೆ. ತಿದ್ದಲು ಅವಕಾಶ ಬಹಳ ಕಡಿಮೆ. ನಾಗನ ಮೈ ಒಂದನ್ನೊಂದು ಹೆಣೆದುಕೊಂಡು ಗಂಟುಗಳಾಗುವ ಜಾಗಕ್ಕೆ ಪವಿತ್ರ ಎಂದು ಹೆಸರು. ಹದಿನಾರು ಪವಿತ್ರಗಳಿದ್ದರೆ ಪೂರ್ಣಮಂಡಲ ಅಥವಾ ಷೋಡಶ ಪವಿತ್ರ, ಎಂಟಿದ್ದರೆ ಅಷ್ಟಪವಿತ್ರ, ನಾಲ್ಕಿದ್ದರೆ ಚತುಃಪವಿತ್ರ. ಚಪ್ಪರಕ್ಕೆ ತೆಂಗಿನ ಎಳೆಯ ಗರಿ, ಹಣ್ಣು ಹಂಪಲು, ಹೂಗಳ ಶೃಂಗಾರ. ರಾತ್ರಿ ಅಡಿಕೆಯ ಹಿಂಗಾರವನ್ನು ಹಿಡಿದ ನಾಗಪಾತ್ರಿಯ ಮೇಲೆ ದರ್ಶನ ಬರುತ್ತದೆ. ಅರ್ಧನಾರಿಯ ವೇಷ ತೊಟ್ಟ ವೈದ್ಯರು ಡಕ್ಕೆ ನುಡಿಸುತ್ತಾ ಪಾತ್ರಿಯ ಎದುರು ನರ್ತಿಸುತ್ತಾರೆ. ಗಂಟೆಗಟ್ಟಲೆ ಕುಳಿತು ಬರೆದ ಆ ಚಿತ್ರ ಸೇವೆ ಮುಗಿಯುವ ಹೊತ್ತಿಗೆ ಅಳಿಸಿಹೋಗುತ್ತದೆ. ಪುಡಿ ಪ್ರಸಾದವಾಗಿ ಜನರ ಕೈಗೆ ಬರುತ್ತದೆ, ಮಿಕ್ಕದ್ದು ಮಣ್ಣಿಗೆ.

ಅಳಿಯುವುದರ ಅರ್ಥ

ತಿನ್ನುವ ವಸ್ತುವಿನಲ್ಲಿ ರೂಪ ಕಡೆದು, ಬಳಿಕ ಅದನ್ನು ಹಂಚಿಯೋ ಅಳಿಸಿಯೋ ಮುಗಿಸುವ ಕ್ರಮ ಬೇರೆ ಕಡೆಗಳಲ್ಲಿಯೂ ಉಂಟು. ಕಾಸರಗೋಡಿನ ಮಧೂರು ದೇವಾಲಯದ ಮೂಡಪ್ಪ ಸೇವೆಯಲ್ಲಿ ಮಹಾಗಣಪತಿಯ ಬೃಹತ್ ಮೂರ್ತಿಯನ್ನೇ ಅಪ್ಪಗಳಿಂದ ಮುಚ್ಚುತ್ತಾರೆ. 1992ರಲ್ಲಿ ನಡೆದ ಈ ಸೇವೆ ಮತ್ತೆ ನಡೆದದ್ದು 2025ರಲ್ಲಿ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ಬಾರ್ಲಿಯ ಹಿಟ್ಟು, ಬೆಣ್ಣೆಗಳಿಂದ ತೋರ್ಮಾ ಎಂಬ ನೈವೇದ್ಯ ಶಿಲ್ಪಗಳನ್ನು ಮಾಡುತ್ತಾರೆ. ದೂರದ ಮೆಕ್ಸಿಕೋ ದೇಶದ ಒಹಾಕಾ ನಗರದಲ್ಲಿ 1897ರಿಂದ ಪ್ರತಿ ಡಿಸೆಂಬರ್ 23ರಂದು ಮೂಲಂಗಿಯಲ್ಲಿ ಮೂರ್ತಿ ಕೆತ್ತುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಸ್ಪರ್ಧೆ ಮತ್ತು ಬಹುಮಾನ ಮುಖ್ಯವಾದರೆ, ನಮ್ಮ ಕಡೆ ಹರಕೆ ಮತ್ತು ಪ್ರಸಾದ ಮುಖ್ಯ. ಮಾಡಿದವನ ಹೆಸರು ನಮ್ಮಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಸಿದವರಿರುವ ನಾಡಿನಲ್ಲಿ ಅನ್ನದ ವಸ್ತುವನ್ನು ನೆಲಕ್ಕೆ ಸುರಿಯುವುದು, ಮುಖಕ್ಕೆ ಹಚ್ಚುವುದು ಸರಿಯೇ? ಪ್ರಶ್ನೆ ಸಣ್ಣದಲ್ಲ. ಅನ್ನ ಚೆಲ್ಲಬಾರದೆಂದು ಮಕ್ಕಳಿಗೆ ಮೊದಲು ಕಲಿಸುವ ಮನೆಗಳೇ ಈ ಕಲೆಗಳನ್ನೂ ಪೋಷಿಸಿದವು. ಚಿಟ್ಟಿಗೆ ಬೇಕಾಗುವುದು ಹಿಡಿಯಷ್ಟು ಅಕ್ಕಿ; ಆ ಹಿಡಿ ಅಕ್ಕಿ ಗದ್ದೆಯ ತುಂಬ ಕುಳಿತವರನ್ನು ಬೆಳಗಿನ ತನಕ ಎಚ್ಚರವಿರಿಸುತ್ತಿತ್ತು. ಮಂಡಲದ ವಿಷಯ ಹಾಗಲ್ಲ. ಚಿತ್ರಕ್ಕೆ ತಗಲುವ ಪುಡಿ ಸ್ವಲ್ಪವೇ ಆದರೂ, ಅದರ ಸುತ್ತ ಬೆಳೆದಿರುವ ಚಪ್ಪರ, ದೀಪಾಲಂಕಾರ, ಧ್ವನಿವರ್ಧಕ, ಸಂತರ್ಪಣೆಗಳ ಆಡಂಬರ ವರ್ಷದಿಂದ ವರ್ಷಕ್ಕೆ ಹಿಗ್ಗಿದೆ. ಒಂದು ಮನೆತನ ಮಾಡಿದ್ದಕ್ಕಿಂತ ದೊಡ್ಡದನ್ನು ಇನ್ನೊಂದು ಮನೆತನ ಮಾಡಬೇಕೆಂಬ ಪೈಪೋಟಿಯನ್ನು ಭಕ್ತಿಯ ಹೆಸರಿನಲ್ಲಿ ಸಮರ್ಥಿಸಲಾಗದು. ಈ ಟೀಕೆ ಮಾಡುವವರು ನಾಗನ ವಿರೋಧಿಗಳೇನೂ ಅಲ್ಲ. ನಾಗಬನದ ಮರಗಳನ್ನು ಕಡಿದು ಸಿಮೆಂಟಿನ ಕಟ್ಟೆ ಕಟ್ಟಿ, ಅದರ ಮುಂದೆ ಲಕ್ಷಗಟ್ಟಲೆ ವೆಚ್ಚದ ಸೇವೆ ಮಾಡುವುದರಲ್ಲಿ ಇರುವ ಅಸಂಗತವನ್ನು ಅವರು ಎತ್ತಿ ತೋರಿಸುತ್ತಿದ್ದಾರೆ. ಕಲೆಯ ಮೂಲ ಸ್ವಭಾವ ಮಿತವ್ಯಯದ್ದು, ಕೈಗೆಟಕುವ ವಸ್ತುಗಳದ್ದು ಎಂಬ ನೆನಪು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕೈತಪ್ಪುತ್ತಿರುವುದು ಏನು

ಈಗ ಈ ವಿದ್ಯೆಗಳ ಸದ್ಯದ ಸ್ಥಿತಿಯನ್ನು ನೋಡೋಣ. ಚಿಟ್ಟಿಗೆ ಮೊದಲ ಪೆಟ್ಟು ಕೊಟ್ಟದ್ದು ಬೆಳಕು. ಗ್ಯಾಸ್‌ಲೈಟು, ಆಮೇಲೆ ವಿದ್ಯುದ್ದೀಪ ಬಂದಾಗ ಇಡೀ ರಂಗಸ್ಥಳ ಒಂದೇ ಸಮನೆ ಬೆಳಗಿತು. ನೆರಳಿನ ಸಹಾಯ ತಪ್ಪಿದ ಮುಳ್ಳು ಮೊದಲಿನಷ್ಟು ಪರಿಣಾಮ ಬೀರಲಿಲ್ಲ. ಎರಡನೆಯದು ಪ್ರಸಂಗಗಳ ಬದಲಾವಣೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಡೇರೆ ಮೇಳಗಳು ಟಿಕೆಟಿನ ಆಟಗಳನ್ನು ಆಡತೊಡಗಿದವು. ಕ್ರಮೇಣ ಸಾಮಾಜಿಕ ಛಾಯೆಯ ಹೊಸ ಕಥೆಗಳು ಬಂದವು, ಅಲ್ಲಿ ರಾಕ್ಷಸನಿಗೆ ಕೆಲಸ ಕಡಿಮೆ. ಮೂರನೆಯದು ಸಮಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿದ ಮೇಲೆ, ಜನರ ಉದ್ಯೋಗದ ಸಮಯವೂ ಬದಲಾದುದರಿಂದ, ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿವೆ. ಮೂರು ನಾಲ್ಕು ತಾಸಿನಲ್ಲಿ ಆಟವೇ ಮುಗಿಯುವಾಗ, ಅಷ್ಟೇ ಹೊತ್ತು ಮುಖಕ್ಕೆ ಅಕ್ಕಿಹಿಟ್ಟು ಇಡುತ್ತಾ ಕುಳಿತುಕೊಳ್ಳುವವರು ಯಾರು? ಸಿದ್ಧವಾಗಿ ಅಂಟಿಸಬಹುದಾದ ವಸ್ತುಗಳು ಚೌಕಿಗೆ ಬಂದಿವೆ. ಅವುಗಳನ್ನು ಬಳಸುವ ಕಲಾವಿದರನ್ನು ದೂರುವುದು ಸುಲಭ. ಅವರ ದುಡಿಮೆಯ ಷರತ್ತುಗಳನ್ನು ಅರಿತವರು ದೂರಲಾರರು. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳ ಪತ್ತನಾಜೆಯ ತನಕ ಊರೂರು ಸುತ್ತುತ್ತದೆ. ಆರು ತಿಂಗಳು ದಿನದಿನವೂ ಸುಣ್ಣ ತಾಗುವ ಚರ್ಮ ಅವರದು.

ಮಂಡಲದ ಮುಂದಿರುವ ತೊಡಕು ಬೇರೆ ಬಗೆಯದು. ಅದಕ್ಕೆ ಬೇಡಿಕೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಕಡಿಮೆಯಾಗುತ್ತಿರುವುದು ಸಾಮಗ್ರಿಯ ಊರುಬಂಧ. ಈ ಸೀಮೆಯ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ ಅಥವಾ ಮಣ್ಣು ತುಂಬಿ ಮನೆಯ ನಿವೇಶನಗಳಾಗಿವೆ; ಕೆಲಸದ ಆಳು ಸಿಗದ ಮನೆಗಳಲ್ಲಿ ಭತ್ತದ ಬದಲು ತೆಂಗು, ಅಡಿಕೆ ಬಂದಿದೆ. ತೋಡಿನ ದಂಡೆಯ ಮುಂಡಕದ ಪೊದೆಗಳು ರಸ್ತೆ, ಕಾಂಕ್ರೀಟು ಗೋಡೆಗಳಿಗೆ ಜಾಗ ಬಿಟ್ಟುಕೊಟ್ಟಿವೆ. ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಬಣ್ಣದ ಪುಡಿ ಕಣ್ಣಿಗೆ ಹೆಚ್ಚು ಹೊಳಪು. ಆದರೆ ರಾಸಾಯನಿಕದ ಆ ಪುಡಿ ಪ್ರಸಾದವಾಗಿ ಬಾಯಿಗೆ ಹೋಗಲಾರದು, ಇರುವೆಗೂ ಆಹಾರವಾಗದು. ಹೊಸ ಬೆಳೆಯ ಕದಿರನ್ನು ತಂದು ಮನೆಯ ಬಾಗಿಲಿಗೆ, ಉಪಕರಣಗಳಿಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಹೊಸ್ತಿನ ದಿನ, ಸ್ವಂತ ಗದ್ದೆಯಿಲ್ಲದ ಮನೆಯವರು ಕದಿರನ್ನು ಬೇರೆಯವರಿಂದ ಕೇಳಿ ತರುವ ಸ್ಥಿತಿ ಬಂದಿರುವಾಗ, ಮಂಡಲದ ಬಿಳಿ ಮತ್ತು ಕಪ್ಪು ಬಣ್ಣಗಳು ಎಲ್ಲಿಂದ ಬರಬೇಕು?

ಹಾಗಾದರೆ ಮಾಡಬೇಕಾದುದೇನು? ಈ ಕಲೆಗಳನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಉಳಿಸುವಂತಿಲ್ಲ. ಒಣಗಿದ ಚಿಟ್ಟಿಯನ್ನಾಗಲಿ ಬಿಡಿಸಿದ ಮಂಡಲವನ್ನಾಗಲಿ ಎತ್ತಿಡಲು ಬರುವುದಿಲ್ಲ. ಉಳಿಸಬಹುದಾದದ್ದು ಹದದ ತಿಳುವಳಿಕೆಯನ್ನು ಮಾತ್ರ: ಅಕ್ಕಿಯನ್ನು ಎಷ್ಟು ಹೊತ್ತು ನೆನೆಸಬೇಕು, ಸುಣ್ಣ ಎಷ್ಟು ಸೇರಿಸಬೇಕು, ಎರಡನೆಯ ಚುಕ್ಕೆ ಇಡುವ ಮೊದಲು ಎಷ್ಟು ಕಾಯಬೇಕು, ಹೊಟ್ಟನ್ನು ಎಷ್ಟು ಹುರಿಯಬೇಕು ಎಂಬುದನ್ನು. ಇದು ಪುಸ್ತಕದಿಂದ ಕೈಗೆ ಬರುವುದಲ್ಲ, ಕೈಯಿಂದ ಕೈಗೇ ಬರಬೇಕು. ಹಳೆಯ ಕ್ರಮದಲ್ಲಿ ಬಣ್ಣದ ವೇಷ ಮಾಡಿದ ಹಿರಿಯರು ಇರುವಾಗಲೇ ಅವರ ಎದುರು ಹುಡುಗರನ್ನು ಕುಳ್ಳಿರಿಸಬೇಕು. ಅವರ ಬೆರಳಿನ ಚಲನೆಯನ್ನು ಆರಂಭದಿಂದ ಕೊನೆಯ ತನಕ ಚಿತ್ರೀಕರಿಸಿಡಬೇಕು. ವರ್ಷಕ್ಕೆ ಒಂದೆರಡು ಪ್ರಸಂಗಗಳನ್ನಾದರೂ ದೀವಟಿಗೆಯ ಬೆಳಕಿನಲ್ಲಿ, ಧ್ವನಿವರ್ಧಕವಿಲ್ಲದೆ, ಪೂರ್ಣ ಚಿಟ್ಟಿಯ ವೇಷದೊಡನೆ ಆಡಿಸಬೇಕು. ನಾಗಮಂಡಲ ಮಾಡಿಸುವ ಮನೆತನಗಳು ಆಡಂಬರದ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿ, ಪಾಳುಬಿದ್ದ ತಮ್ಮದೇ ಗದ್ದೆಯ ಒಂದು ತುಂಡಿನಲ್ಲಿ ಭತ್ತವನ್ನೂ ಹಿತ್ತಲಿನಲ್ಲಿ ಅರಿಶಿನವನ್ನೂ ಬೆಳೆಯುವ ಸಂಕಲ್ಪ ಮಾಡಿದರೆ, ಸೇವೆಯ ಅರ್ಥ ಇನ್ನಷ್ಟು ಗಟ್ಟಿಯಾದೀತು.

ಬೆಳಗಾದ ಮೇಲೆ ಅಳಿಸಿಹೋಗಲೆಂದೇ ಮಾಡಿದ ಕಲೆಗಳು ಇವು. ಶತಮಾನಗಳಿಂದ ಅವು ಪ್ರತಿ ಬೆಳಗೂ ಅಳಿದಿವೆ, ಪ್ರತಿ ಇರುಳೂ ಮತ್ತೆ ಹುಟ್ಟಿವೆ. ಮರುದಿನ ಅರೆಯಲು ಅಕ್ಕಿಯಿತ್ತು, ಅರೆಯಬಲ್ಲ ಕೈಯಿತ್ತು ಎಂಬ ಭರವಸೆಯೇ ಅಳಿಸುವವರ ಧೈರ್ಯವಾಗಿತ್ತು. ಆ ಅಕ್ಕಿಯನ್ನೂ ಆ ಕೈಯನ್ನೂ ಮುಂದಿನವರಿಗೆ ಒಪ್ಪಿಸುವ ಹೊಣೆ ಈಗಿನ ತಲೆಮಾರಿನದು.